ಇಸಿಜಿ ಸರಿಯಿದ್ದರೂ ನಿಲ್ಲದ ಎದೆಬಡಿತ: ಪ್ರಾಥಮಿಕ ಹಂತದಲ್ಲಿ ಗಾಬರಿ ಕಾಯಿಲೆಯ ಪತ್ತೆ

ಇದ್ದಕ್ಕಿದ್ದಂತೆ ಎದೆ ಡವಗುಟ್ಟತೊಡಗುತ್ತದೆ. ಉಸಿರು ಕಟ್ಟಿದಂತಾಗಿ, ಮೈ ಬೆವೆತು, ಕೈಕಾಲು ಜೋಮು ಹಿಡಿದು, ಪ್ರಾಣವೇ ಹೋಗುತ್ತಿದೆ ಎಂಬ ಭೀತಿ ಆವರಿಸುತ್ತದೆ. ಕೆಲವೇ ನಿಮಿಷಗಳಲ್ಲಿ ಪರಾಕಾಷ್ಠೆ ಮುಟ್ಟುವ ಈ ಸ್ಥಿತಿ, ರೋಗಿಯು ಆಸ್ಪತ್ರೆ ತಲುಪುವ ವೇಳೆಗೆ ಬಹುಮಟ್ಟಿಗೆ ಇಳಿದಿರುತ್ತದೆ. ಇಸಿಜಿಯಲ್ಲಿ ದೋಷ ಕಾಣದು. ‘ಏನೂ ಇಲ್ಲ, ಗ್ಯಾಸ್ ಇರಬೇಕು’ ಎಂದು ಮಾತ್ರೆಯೊಂದನ್ನು ಕೊಟ್ಟು ಮನೆಗೆ ಕಳುಹಿಸಲಾಗುತ್ತದೆ. ಕೆಲವು ದಿನಗಳ ಬಳಿಕ ಮತ್ತೆ ಅದೇ ಅನುಭವ. ಈ ಬಾರಿ ಬೇರೊಂದು ಆಸ್ಪತ್ರೆ, ಬೇರೊಂದು ಬಿಲ್ಲು.

ಇಂಥ ಒಂದು ಆವೇಗಕ್ಕೆ ಪ್ಯಾನಿಕ್ ಅಟ್ಯಾಕ್ ಎಂದು ಹೆಸರು. ಜೀವನದಲ್ಲಿ ಒಂದೆರಡು ಬಾರಿ ಹೀಗಾದವರೆಲ್ಲ ರೋಗಿಗಳಲ್ಲ. ಕಾರಣವಿಲ್ಲದೆ, ನಿರೀಕ್ಷೆಯಿಲ್ಲದೆ ಅದು ಮರುಕಳಿಸಿ, ‘ಮತ್ತೆ ಬಂದೀತೇ’ ಎಂಬ ಚಿಂತೆ ಕನಿಷ್ಠ ಒಂದು ತಿಂಗಳು ಬಿಡದೆ ಕಾಡಿದಾಗ, ಅಥವಾ ಆ ಭಯದಿಂದ ನಡವಳಿಕೆಯೇ ಬದಲಾದಾಗ ಅದನ್ನು ಪ್ಯಾನಿಕ್ ಡಿಸಾರ್ಡರ್ ಎಂದರೆ ಗಾಬರಿ ಕಾಯಿಲೆ ಎಂದು ಗುರುತಿಸಲಾಗುತ್ತದೆ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಕೈಪಿಡಿಯು 13 ಲಕ್ಷಣಗಳನ್ನು ಪಟ್ಟಿ ಮಾಡಿದ್ದು, ಅವುಗಳಲ್ಲಿ ನಾಲ್ಕಾದರೂ ಒಟ್ಟಿಗೆ ಕಾಣಿಸಿಕೊಳ್ಳಬೇಕು. ಪುರುಷರಿಗಿಂತ ಸ್ತ್ರೀಯರಲ್ಲಿ ಈ ಕಾಯಿಲೆ ಸುಮಾರು ಎರಡು ಪಟ್ಟು ಹೆಚ್ಚು. ಹರೆಯದ ಕೊನೆ ಅಥವಾ ಇಪ್ಪತ್ತರ ವಯಸ್ಸಿನಲ್ಲಿ ಆರಂಭವಾಗುವುದೇ ಸಾಮಾನ್ಯ.

ಕಾಯಿಲೆ ಹೊಸದಲ್ಲ. ಅಮೆರಿಕದ ಅಂತರ್ಯುದ್ಧದ ಸೈನಿಕರಲ್ಲಿ ಕಂಡ ಕಾರಣವಿಲ್ಲದ ಎದೆನೋವು, ಎದೆಬಡಿತಗಳನ್ನು ಜೇಕಬ್ ಡಾ ಕೋಸ್ಟಾ ಎಂಬ ವೈದ್ಯ 1871ರಲ್ಲೇ ವಿವರಿಸಿದ್ದ. ಆದರೆ ಅದಕ್ಕೆ ಸ್ವತಂತ್ರ ಕಾಯಿಲೆಯ ಸ್ಥಾನ ದೊರೆತದ್ದು 1980ರಲ್ಲಿ.

ಹೃದಯದ ಬಾಗಿಲಲ್ಲಿ ಮನಸ್ಸಿನ ರೋಗಿ

ಈ ರೋಗಿಗಳು ಮನೋವೈದ್ಯರನ್ನು ಹುಡುಕಿಕೊಂಡು ಹೋಗುವುದು ಅಪರೂಪ. ಅವರ ದೃಷ್ಟಿಯಲ್ಲಿ ಕೆಟ್ಟಿರುವುದು ಎದೆ, ಉಸಿರು ಅಥವಾ ತಲೆ. ಕೆನಡಾದ ಮಾಂಟ್ರಿಯಲ್ ಹೃದ್ರೋಗ ಸಂಸ್ಥೆಯ ತುರ್ತು ವಿಭಾಗಕ್ಕೆ ಎದೆನೋವೆಂದು ಬಂದ 441 ಮಂದಿಯನ್ನು ಸಂದರ್ಶಿಸಿ 1996ರಲ್ಲಿ ಪ್ರಕಟಿಸಲಾದ ಅಧ್ಯಯನದ ಪ್ರಕಾರ, ಅವರಲ್ಲಿ ಶೇ 25ರಷ್ಟು ಮಂದಿಗೆ ಗಾಬರಿ ಕಾಯಿಲೆಯಿತ್ತು. ಅಂಥವರ ಪೈಕಿ ಶೇ 98ರಷ್ಟು ಮಂದಿಯಲ್ಲಿ ಅದು ಹೃದ್ರೋಗ ತಜ್ಞರ ಗಮನಕ್ಕೆ ಬಂದಿರಲಿಲ್ಲ. ಇನ್ನೊಂದು ಅಂಶವೂ ಗಮನಾರ್ಹ: ಗಾಬರಿ ಕಾಯಿಲೆಯಿದ್ದವರಲ್ಲಿ ಶೇ 44ರಷ್ಟು ಮಂದಿಗೆ ಹೃದಯದ ರಕ್ತನಾಳಗಳ ಕಾಯಿಲೆಯ ಹಿನ್ನೆಲೆಯೂ ಇತ್ತು. ಅಂದರೆ, ಇದ್ದರೆ ಇದು, ಇಲ್ಲದಿದ್ದರೆ ಅದು ಎಂಬ ಲೆಕ್ಕಾಚಾರ ಇಲ್ಲಿ ಸಲ್ಲದು.

ಎದೆಯ ಭಯ ಎಷ್ಟು ಬೇಗ ಹರಡಬಲ್ಲದು ಎಂಬುದನ್ನು ಕರ್ನಾಟಕ ಕಂಡಿದೆ. ನಟ ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು 46ನೇ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದ ನಂತರ, ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗಾಗಿ ಜನ ಸಾಲುಗಟ್ಟಿದ್ದರು. ಹೃದಯಾಘಾತಕ್ಕೆ ತಾಲ್ಲೂಕು ಮಟ್ಟದಲ್ಲೇ ತುರ್ತು ಚಿಕಿತ್ಸೆ ನೀಡುವ, ಅವರದೇ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ 2023ರಲ್ಲಿ ಆರಂಭವಾಯಿತು. ಎದೆನೋವು ಬಂದ ಕೂಡಲೇ ಇಸಿಜಿ ಮಾಡಿಸಿಕೊಳ್ಳಬೇಕೆಂಬ ಅರಿವು ಹೆಚ್ಚಿದ್ದು ಒಳ್ಳೆಯದೇ. ತೊಂದರೆಯಿರುವುದು ಇಸಿಜಿ ಸರಿಯಾಗಿ ಬಂದ ಮೇಲೆ. ಅಲ್ಲಿಗೆ ತಪಾಸಣೆ ಮುಗಿಯಿತೆಂದು ವೈದ್ಯರು ಭಾವಿಸುತ್ತಾರೆ. ಎರಡನೆಯ ಹಂತದ ಪ್ರಶ್ನೆಗಳು ಆರಂಭವಾಗಬೇಕಾದದ್ದು ಅಲ್ಲಿಂದಲೇ.

ಕೇಳಬೇಕಾದ ಪ್ರಶ್ನೆಗಳು

ಗಾಬರಿ ಕಾಯಿಲೆಯನ್ನು ತೋರಿಸಿಕೊಡುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಇರುವ ಉಪಕರಣ ಪ್ರಶ್ನೆಯೊಂದೇ. ಅಮೆರಿಕದ ರಾಬರ್ಟ್ ಸ್ಪಿಟ್ಜರ್ ಮತ್ತು ಸಂಗಡಿಗರು ಪ್ರಾಥಮಿಕ ಚಿಕಿತ್ಸಾ ಕೇಂದ್ರಗಳಿಗಾಗಿ ರೂಪಿಸಿ 1999ರಲ್ಲಿ ಪ್ರಕಟಿಸಿದ ಪಿಎಚ್‌ಕ್ಯೂ ಪ್ರಶ್ನಾವಳಿಯಲ್ಲಿ ಈ ಕಾಯಿಲೆಗೆಂದೇ ಒಂದು ಭಾಗವಿದೆ. ಕಳೆದ ನಾಲ್ಕು ವಾರಗಳಲ್ಲಿ ಹಠಾತ್ತನೆ ಭಯ, ಗಾಬರಿ ಆವರಿಸಿದ್ದುಂಟೇ ಎಂಬುದು ಅದರ ಮೊದಲ ಪ್ರಶ್ನೆ. ಇಲ್ಲ ಎಂದರೆ ಅಲ್ಲಿಗೇ ನಿಲ್ಲಿಸಬಹುದು. ಹೌದು ಎಂದರೆ, ಹಿಂದೆಯೂ ಹೀಗಾಗಿತ್ತೇ, ಹೆದರುವ ಸಂದರ್ಭವಲ್ಲದಾಗಲೂ ಬರುತ್ತದೆಯೇ, ಮತ್ತೆ ಬಂದೀತೆಂಬ ಚಿಂತೆಯಿದೆಯೇ ಎಂದು ಕೇಳಿ, ಬಳಿಕ ದೇಹದ ಲಕ್ಷಣಗಳನ್ನು ಒಂದೊಂದಾಗಿ ವಿಚಾರಿಸಲಾಗುತ್ತದೆ. ಎಲ್ಲ ಸೇರಿ 15 ಪ್ರಶ್ನೆ.

ಈ ಪ್ರಶ್ನೆಗಳು ಕನ್ನಡದ ಕಿವಿಗೆ ತಲುಪುವುದು ಬೇರೆ ಮಾತು. ‘ನಿಮಗೆ ಆತಂಕವಿದೆಯೇ’ ಎಂದರೆ ಬಹುತೇಕ ರೋಗಿಗಳು ಇಲ್ಲವೆಂದೇ ತಲೆಯಾಡಿಸುತ್ತಾರೆ. ಅದನ್ನೇ ‘ಸುಮ್ಮನೆ ಕೂತಾಗ ಎದೆ ಡವಡವ ಅಂದು, ಜೀವ ಹೋದಂಗೆ ಆಗ್ತದಾ’ ಎಂದು ಕೇಳಿದರೆ ಉತ್ತರ ತಾನಾಗಿ ಬರುತ್ತದೆ. ಸಂತೆಗೆ, ಜಾತ್ರೆಗೆ ಹೋಗುವುದನ್ನು ಬಿಟ್ಟಿದ್ದಾರೆಯೇ, ಬಸ್ಸಿನಲ್ಲಿ ಒಬ್ಬರೇ ಪ್ರಯಾಣಿಸಲು ಹಿಂಜರಿಯುತ್ತಾರೆಯೇ ಎಂಬುದನ್ನು ಮನೆಯವರಲ್ಲಿ ವಿಚಾರಿಸುವುದೂ ಉಪಯುಕ್ತ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿಕೊಂಡು ಬಂದವರನ್ನು ಗದರಿಸಿದರಂತೂ ಮಾಹಿತಿಯೇ ನಿಂತುಹೋಗುತ್ತದೆ.

ಇನ್ನೂ ಚಿಕ್ಕದಾದ ಸಾಧನವೆಂದರೆ ಏಳು ಪ್ರಶ್ನೆಗಳ ಜಿಎಡಿ-7. ಅಮೆರಿಕದ 15 ಪ್ರಾಥಮಿಕ ಚಿಕಿತ್ಸಾಲಯಗಳ 965 ರೋಗಿಗಳ ಮೇಲೆ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 6.8ರಷ್ಟು ಮಂದಿಗೆ ಗಾಬರಿ ಕಾಯಿಲೆಯಿತ್ತು. 10 ಅಥವಾ ಹೆಚ್ಚು ಅಂಕವನ್ನು ಗಡಿಯಾಗಿಟ್ಟರೆ, ಈ ಕಾಯಿಲೆಯಿದ್ದವರಲ್ಲಿ ಶೇ 74ರಷ್ಟು ಮಂದಿಯನ್ನು ಅದು ಹಿಡಿಯಿತು. ಇಲ್ಲದವರಲ್ಲಿ ಶೇ 81ರಷ್ಟು ಮಂದಿಯನ್ನು ಇಲ್ಲವೆಂದೇ ಹೇಳಿತು.

ಅಂಕಿಗಳು ಚೆನ್ನಾಗಿಯೇ ಕಾಣುತ್ತವೆ. ಆದರೆ ಸಾವಿರ ರೋಗಿಗಳಿಗೆ ಅನ್ವಯಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಕಾಯಿಲೆಯಿರುವ 68 ಮಂದಿಯಲ್ಲಿ ಸುಮಾರು 50 ಮಂದಿ ಸಿಕ್ಕಿ, 18 ಮಂದಿ ತಪ್ಪಿಹೋಗುತ್ತಾರೆ. ಕಾಯಿಲೆಯಿಲ್ಲದ 932 ಮಂದಿಯಲ್ಲಿ ಸುಮಾರು 177 ಮಂದಿ ಜರಡಿಯಲ್ಲಿ ಉಳಿಯುತ್ತಾರೆ. ಒಟ್ಟು 227 ಮಂದಿಯಲ್ಲಿ ನಿಜಕ್ಕೂ ಗಾಬರಿ ಕಾಯಿಲೆಯಿರುವವರು ಐವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಉಳಿದವರಲ್ಲಿ ಕೆಲವರಿಗೆ ಬೇರೆ ಬಗೆಯ ಆತಂಕದ ಕಾಯಿಲೆ ಇರಬಹುದು, ಅದು ನಿಜ. ಆದರೂ ಅಂಕಪಟ್ಟಿಯನ್ನೇ ರೋಗನಿರ್ಣಯವೆಂದು ತಿಳಿದು ಮಾತ್ರೆ ಬರೆದುಕೊಡುವುದು ಅಪಾಯಕರ. ಕಾಯಿಲೆ ಇನ್ನೂ ವಿರಳವಾಗಿರುವ ಕಡೆ ಈ ತಪ್ಪು ಎಚ್ಚರಿಕೆಗಳ ಪಾಲು ಮತ್ತಷ್ಟು ಹೆಚ್ಚುತ್ತದೆ.

ಎಲ್ಲರಿಗೂ ಬೇಕೇ?

ಅಮೆರಿಕದ ರೋಗ ತಡೆ ಸೇವೆಗಳ ಕಾರ್ಯಪಡೆಯು 2023ರ ಜೂನ್‌ನಲ್ಲಿ, 64 ವರ್ಷದವರೆಗಿನ ಎಲ್ಲ ವಯಸ್ಕರಲ್ಲಿ ಆತಂಕದ ಕಾಯಿಲೆಗಳಿಗಾಗಿ ಸ್ಕ್ರೀನಿಂಗ್ ನಡೆಸುವಂತೆ ಶಿಫಾರಸು ಮಾಡಿತು. 65 ಮತ್ತು ಅದಕ್ಕೆ ಮೇಲ್ಪಟ್ಟವರ ಮಟ್ಟಿಗೆ ಸಾಕಷ್ಟು ಆಧಾರಗಳಿಲ್ಲ ಎಂದಿತು. ಬೆಳಗಿನ ಹೊತ್ತಿನಲ್ಲೇ ಹೊರರೋಗಿಗಳ ದೊಡ್ಡ ಸಾಲನ್ನು ಮುಗಿಸಬೇಕಾದ, ಒಬ್ಬರೇ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಈ ಶಿಫಾರಸನ್ನು ಹಾಗೆಯೇ ಹೊರಿಸುವುದು ಸಾಧುವಲ್ಲ. ಪದೇ ಪದೇ ಬರುವವರು, ಪರೀಕ್ಷೆಗಳೆಲ್ಲ ಸರಿಯಿದ್ದರೂ ಎದೆನೋವು, ತಲೆಸುತ್ತು, ಉಸಿರಾಟದ ತೊಂದರೆ ಹೇಳುವವರು, ರಾತ್ರಿ ತುರ್ತು ವಿಭಾಗಕ್ಕೆ ಬಂದು ಬೆಳಿಗ್ಗೆ ಹೊರಡುವವರು — ಮೊದಲು ಇವರನ್ನು ಪ್ರಶ್ನಿಸಿದರೆ ಶ್ರಮ ಸಾರ್ಥಕವಾಗುತ್ತದೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಪ್ರಾಥಮಿಕ ಹಂತದ ವೈದ್ಯರಿಗಾಗಿ ಸಿದ್ಧಪಡಿಸಿರುವ ಸಂಕ್ಷಿಪ್ತ ಚಿಕಿತ್ಸಾ ಕೈಪಿಡಿಯಲ್ಲಿ ಖಿನ್ನತೆ, ಮದ್ಯವ್ಯಸನಗಳ ಜತೆಗೆ ಗಾಬರಿ ಕಾಯಿಲೆಗೂ ಸ್ಥಾನ ನೀಡಿರುವುದು ಈ ದಿಕ್ಕಿನ ಹೆಜ್ಜೆ. ಇದೇ ಸಂಸ್ಥೆ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿ. ವಿಶ್ವ ಆರೋಗ್ಯ ಸಂಸ್ಥೆಯೂ ತಜ್ಞರಲ್ಲದ ವೈದ್ಯರಿಗೆಂದು ರೂಪಿಸಿದ ಮಾರ್ಗಸೂಚಿಗೆ ಆತಂಕದ ಕಾಯಿಲೆಗಳ ಪ್ರತ್ಯೇಕ ಅಧ್ಯಾಯವನ್ನು 2023ರಲ್ಲಷ್ಟೇ ಸೇರಿಸಿತು.

ಮರೆಯಬಾರದ ಎಚ್ಚರಿಕೆ

ಪ್ರಶ್ನಾವಳಿಯ ಮೊದಲೇ ದೇಹದ ಕಾರಣಗಳನ್ನು ಪರಿಶೀಲಿಸಬೇಕು. ಥೈರಾಯ್ಡ್ ಅತಿಸ್ರಾವ, ರಕ್ತಹೀನತೆ, ಆಸ್ತಮಾ, ಹೃದಯಬಡಿತದ ಲಯದೋಷ, ಸಕ್ಕರೆ ಕಾಯಿಲೆಯ ಔಷಧ ಪಡೆಯುತ್ತಿರುವವರಲ್ಲಿ ಸಕ್ಕರೆ ಅಂಶ ಇಳಿಯುವುದು, ಮದ್ಯವನ್ನು ಥಟ್ಟನೆ ನಿಲ್ಲಿಸಿದಾಗಿನ ನಡುಕ — ಇವೆಲ್ಲವೂ ಇದೇ ವೇಷದಲ್ಲಿ ಬರುತ್ತವೆ. ನಡುವಯಸ್ಸು ದಾಟಿದ ಮೇಲೆ ಮೊದಲ ಬಾರಿಗೆ ಕಾಣಿಸಿಕೊಂಡರೆ ಶಂಕೆ ಇನ್ನೂ ಹೆಚ್ಚಿರಬೇಕು. ಜತೆಗೆ ಖಿನ್ನತೆ ಹಾಗೂ ಆತ್ಮಹತ್ಯೆಯ ಯೋಚನೆಗಳ ಬಗ್ಗೆಯೂ ಕೇಳುವುದು ಅವಶ್ಯ.

ಪತ್ತೆಯಾದ ಬಳಿಕ ಚಿಕಿತ್ಸೆ ದೊರೆಯದಿದ್ದರೆ ಸ್ಕ್ರೀನಿಂಗ್ ವ್ಯರ್ಥ. ಎಸ್ಸಿಟಲೋಪ್ರಾಮ್, ಸರ್ಟ್ರಲಿನ್‌ನಂಥ ಔಷಧಗಳು ಪರಿಣಾಮಕಾರಿಯಾದರೂ ಫಲ ಕಾಣಲು ಕೆಲವು ವಾರಗಳೇ ಬೇಕು. ಮೊದಲ ದಿನಗಳಲ್ಲಿ ಚಡಪಡಿಕೆ ಹೆಚ್ಚಬಹುದಾದ್ದರಿಂದ ಕಡಿಮೆ ಪ್ರಮಾಣದಿಂದ ಆರಂಭಿಸಲಾಗುತ್ತದೆ. ಇದನ್ನು ಮುಂಚಿತವಾಗಿ ತಿಳಿಸದಿದ್ದರೆ ರೋಗಿ ವಾರದೊಳಗೆ ಮಾತ್ರೆ ಬಿಡುತ್ತಾನೆ. ಭಯದ ಅರ್ಥವನ್ನು ತಿದ್ದುವ, ಬಿಟ್ಟ ಬಸ್ಸನ್ನು ಮತ್ತೆ ಹತ್ತಿಸುವ ವರ್ತನಾ ಚಿಕಿತ್ಸೆಯೂ ಅಷ್ಟೇ ಫಲಕಾರಿ. ಆದರೆ ಅದನ್ನು ಬಲ್ಲವರು ತಾಲ್ಲೂಕು ಕೇಂದ್ರಗಳಲ್ಲಿ ವಿರಳ. ಅಲ್ಪ್ರಜೋಲಮ್ ನಿಮಿಷಗಳಲ್ಲಿ ಸಮಾಧಾನ ನೀಡುತ್ತದೆ, ಅದೇ ಅದರ ಅಪಾಯ. ಅವಲಂಬನೆ ಬೇಗ ಬೆಳೆಯುವುದರಿಂದ ಅದನ್ನು ಎಚ್1 ಅನುಸೂಚಿಗೆ ಸೇರಿಸಲಾಗಿದ್ದು, ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ.

ಸಮೀಪದಲ್ಲಿ ಮನೋವೈದ್ಯರಿಲ್ಲದವರು ಕೇಂದ್ರ ಸರಕಾರವು 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಸೇವೆ ಲಭ್ಯ. ಆದರೆ ಎದೆನೋವು ಮೊದಲ ಬಾರಿಗೆ ಬಂದಿದ್ದರೆ ಕರೆಗಿಂತ ಮುಂಚೆ ಹೋಗಬೇಕಾದದ್ದು ಇಸಿಜಿ ಇರುವ ಆಸ್ಪತ್ರೆಗೆ.