ಮೇದೋಹರೌಷಧವೂ ಶ್ವಾಸರೋಗವೂ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಗಳಲ್ಲಿ ಬಹುಕಾಲದ ಕೆಮ್ಮಿಗೂ ಏದುಸಿರಿಗೂ ಜನರು ದಮ್ಮೆಂದೂ ಉಬ್ಬಸವೆಂದೂ ಹೇಳುವರು. ಈ ಹೆಸರುಗಳಲ್ಲಿ ಅನೇಕ ವ್ಯಾಧಿಗಳು ಸೇರಿಹೋಗಿವೆ. ಅವುಗಳಲ್ಲಿ ಶ್ವಾಸನಾಳಗಳು ಕ್ರಮೇಣ ಸಂಕುಚಿತವಾಗಿ ಪೂರ್ವಸ್ಥಿತಿಗೆ ಮರಳದಂತಾಗುವ ದೀರ್ಘರೋಗವೂ ಒಂದು. ರಕ್ತದ ಕೊಲೆಸ್ಟ್ರಾಲನ್ನು ತಗ್ಗಿಸುವ ಔಷಧವೇ ಈ ರೋಗಕ್ಕೂ ಹಿತಕರವೆಂಬ ಪಕ್ಷವು ಈ ಶತಮಾನದ ಆದಿಯಲ್ಲಿ ಪ್ರಬಲವಾಯಿತು. ಅದರ ಉತ್ಪತ್ತಿಯನ್ನೂ ಗತಿಯನ್ನೂ ಇಲ್ಲಿ ವಿಚಾರಿಸುವೆವು.

ಚರಕಸಂಹಿತೆಯ ಚಿಕಿತ್ಸಾಸ್ಥಾನದ 17ನೆಯ ಅಧ್ಯಾಯವು ಶ್ವಾಸರೋಗದ ನಿದಾನಗಳಲ್ಲಿ ಧೂಳನ್ನೂ ಹೊಗೆಯನ್ನೂ ಎಣಿಸಿದೆ. ಇಷ್ಟರಿಂದಲೇ ತಮಕಶ್ವಾಸವೂ ಆಧುನಿಕರ ರೋಗವೂ ಒಂದೇ ಎಂದು ಸಾಧಿಸಹೊರಡುವುದು ಸಾಹಸವಾದೀತು. ನಮ್ಮ ಪಂಡಿತವರ್ಗದಲ್ಲಿ ಈ ಚಾಪಲ ಸ್ವಲ್ಪ ಹೆಚ್ಚು. ಆದರೂ ಹೊಗೆಯ ಮಾತು ಉಪೇಕ್ಷಣೀಯವಲ್ಲ. ಚನ್ನಗಿರಿಯ ಕಡೆ ಅಡಕೆ ಬೇಯಿಸುವ ಒಲೆಯನ್ನೂ, ಜಗಳೂರಿನ ಬೆದ್ದಲು ಸೀಮೆಯಲ್ಲಿ ಸೌದೆ ಕುಳ್ಳುಗಳಿಂದ ಉರಿಸುವ ಒಲೆಯನ್ನೂ ಕಂಡವರಿಗೆ ಇದನ್ನು ವಿವರಿಸಬೇಕಾದುದಿಲ್ಲ. ಮೈಸೂರು ಜಿಲ್ಲೆಯ ಗ್ರಾಮಸ್ತ್ರೀಯರನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟಿಸಿದ ಶೋಧನೆಯೊಂದರಲ್ಲಿ, ಒಲೆಯ ಮುಂದೆ ದಿನಕ್ಕೆ ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಲಾಗಿ ಬರುವ ಸಂಖ್ಯೆಯು 60ನ್ನು ಮುಟ್ಟಿದರೆ ದೀರ್ಘಕಾಸದ ಭಯ ಸ್ಪಷ್ಟವಾಗುವುದೆಂದು ಹೇಳಿದೆ. ದಿನಕ್ಕೆ ಮೂರು ಗಂಟೆಯಂತೆ ಇಪ್ಪತ್ತು ವರ್ಷವೆಂದರೆ ಆ ಸಂಖ್ಯೆ ತುಂಬಿತು.

ಇನ್ನು ಔಷಧದ ವೃತ್ತಾಂತ. ಜಪಾನಿನ ಅಕಿರ ಎಂಡೊ ಎಂಬವರು ಸಾವಿರಾರು ಶಿಲೀಂಧ್ರಗಳನ್ನು ಶೋಧಿಸಿ, 1973ರಲ್ಲಿ ಅಕ್ಕಿಯಿಂದ ದೊರೆತ ಒಂದು ಬೂಷ್ಟಿನಲ್ಲಿ ಕೊಲೆಸ್ಟ್ರಾಲಿನ ಉತ್ಪತ್ತಿಯನ್ನು ತಡೆಯುವ ದ್ರವ್ಯವನ್ನು ಕಂಡರು. ಸ್ಟ್ಯಾಟಿನ್ ವರ್ಗಕ್ಕೆ ಇದೇ ಮೂಲ. ಈ ವರ್ಗದ ಲೋವಸ್ಟ್ಯಾಟಿನ್ನಿಗೆ 1987ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಹೃದಯಕ್ಕಾಗಿ ಇದನ್ನು ಸೇವಿಸುತ್ತಿದ್ದ ಶ್ವಾಸರೋಗಿಗಳಲ್ಲಿ ರೋಗದ ಉಲ್ಬಣವೂ ಮರಣವೂ ಕಡಮೆಯೆಂದು ಆಸ್ಪತ್ರೆಗಳ ದಾಖಲೆಗಳಿಂದ ತೋರಿಬಂದಿತು. ಔಷಧವು ಶೋಥವನ್ನೂ ಶಮನಗೊಳಿಸುವುದಾದ್ದರಿಂದ ಈ ಊಹೆಗೆ ಯುಕ್ತಿಯ ಬಲವೂ ಇದ್ದಿತು.

ಆದರೆ ನೈಯಾಯಿಕರು ಇಲ್ಲಿ ಒಂದು ಪ್ರಶ್ನೆ ಕೇಳುತ್ತಿದ್ದರು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂಬುದು ಸೋಪಾಧಿಕವಾದ ಹೇತು. ಹಸಿಸೌದೆಯ ಸಂಯೋಗವೇ ಅಲ್ಲಿ ಉಪಾಧಿ. ಹಾಗೆಯೇ, ಔಷಧ ಸೇವಿಸಿದವರು ಬದುಕಿದರೆಂಬಲ್ಲಿಯೂ ಉಪಾಧಿಯಿರಬಹುದು: ಅದು ದೊರೆಯುವವರೆಗೆ ಬದುಕಿದ್ದವರೇ ಸೇವಿಸಿದವರ ಎಣಿಕೆಗೆ ಬಂದರು; ವೈದ್ಯರ ನಿತ್ಯದೃಷ್ಟಿಯಲ್ಲಿಯೂ ಇದ್ದರು.

ಇದನ್ನು ಪರೀಕ್ಷಿಸಿದ ಪ್ರಯೋಗದ ಫಲವು 2014ರಲ್ಲಿ ಪ್ರಕಟವಾಯಿತು. ಅಮೆರಿಕ, ಕೆನಡಾಗಳ 45 ಕೇಂದ್ರಗಳಲ್ಲಿ 885 ರೋಗಿಗಳನ್ನು ಚೀಟಿಯೆತ್ತಿದಂತೆ ವಿಭಾಗಿಸಿ, ಕೆಲವರಿಗೆ ನಿತ್ಯ 40 ಮಿಲಿಗ್ರಾಂ ಸಿಮ್ವಸ್ಟ್ಯಾಟಿನ್ನನ್ನೂ ಉಳಿದವರಿಗೆ ಔಷಧಗುಣವಿಲ್ಲದ ಗುಳಿಗೆಯನ್ನೂ ಕೊಟ್ಟರು. ವರ್ಷಕ್ಕೆ ಸರಾಸರಿ ಉಲ್ಬಣವು ಮೊದಲನೆಯವರಲ್ಲಿ 1.36, ಎರಡನೆಯವರಲ್ಲಿ 1.39. ಪ್ರಯೋಜನವಿಲ್ಲವೆಂದು ಪ್ರಯೋಗವನ್ನು ಅವಧಿಗೆ ಮುನ್ನವೇ ನಿಲ್ಲಿಸಿದರು. 2021ರಲ್ಲಿ ಆಸ್ಟ್ರಿಯದಿಂದ ಬಂದ ಚಿಕ್ಕದೊಂದು ಪ್ರಯೋಗವು ಇದಕ್ಕೆ ವಿರುದ್ಧವಾಗಿ ಗುಣವನ್ನೇ ಹೇಳಿತು. ಆದರೆ ಅಷ್ಟರಿಂದ ಹಿಂದಿನದು ಬಾಧಿತವಾಯಿತೆನ್ನಲು ನಾವು ಒಪ್ಪಲಾರೆವು. ಹೃದಯಕ್ಕಾಗಿ ವೈದ್ಯರು ವಿಧಿಸಿದ ಸ್ಟ್ಯಾಟಿನ್ನನ್ನು ಈ ವಿಚಾರದಿಂದ ಬಿಡತಕ್ಕದ್ದಲ್ಲವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ನಮಗೆ ಮುಖ್ಯವಾಗಿ ತೋರುವುದು ಬೇರೊಂದು. 2014ರ ಆ ಪ್ರಯೋಗಕ್ಕೆ ಸೇರಿಸಿಕೊಂಡವರೆಲ್ಲರೂ ಧೂಮಪಾನದ ಪೂರ್ವವೃತ್ತಾಂತವುಳ್ಳವರು. ಬೀಡಿಯನ್ನೇ ಮುಟ್ಟದೆ ಒಲೆಯೂದಿ ದಮ್ಮು ತಂದುಕೊಂಡ ಹೊನ್ನಾಳಿ, ಜಗಳೂರುಗಳ ಹೆಂಗಸು ಆ ಎಣಿಕೆಯಲ್ಲಿ ಸೇರಿರಲಿಲ್ಲ.