ಹೊದೆಯುವ ಶಾಲು, ತೊಡುವ ಅಂಗಿ: ಕಾಶ್ಮೀರದ ಉಣ್ಣೆಯಲ್ಲಿ ಅಳತೆಯ ಚರಿತ್ರೆ

ಕ್ಯಾಶ್ಮೀರ್ ಉಣ್ಣೆಯ ಸ್ವೆಟರನ್ನು ಕೊಳ್ಳಹೊರಟವರು ಇಂದು ಮೊದಲು ಕೇಳುವುದು ಬಣ್ಣವನ್ನಲ್ಲ, ಅಳತೆಯನ್ನು. ಒಂದು ಕಂಪನಿಯ ನಡುಗಾತ್ರ ಇನ್ನೊಂದರಲ್ಲಿ ಬಿಗಿಯಾಗುತ್ತದೆ, ಮತ್ತೊಂದರಲ್ಲಿ ಜೋಲುತ್ತದೆ. ಬೆಲೆ ಹೆಚ್ಚಿದಷ್ಟೂ ಈ ಚಿಂತೆಯೂ ಹೆಚ್ಚುತ್ತದೆ. ಆದರೆ ಇದೇ ಉಣ್ಣೆಯನ್ನು ಶತಮಾನಗಳ ಕಾಲ ಮೈಗೆ ಹಾಕಿಕೊಂಡವರಿಗೆ ಈ ಪ್ರಶ್ನೆಯೇ ಇರಲಿಲ್ಲವೆಂಬುದು ಗಮನಾರ್ಹ. ಕನ್ನಡಿಗರಿಗೆ ಇದನ್ನು ವಿವರಿಸಬೇಕಾಗಿಲ್ಲ. ಸನ್ಮಾನದ ವೇದಿಕೆಯಲ್ಲಿ ಶಾಲು ಹೊದಿಸುವಾಗ ಸನ್ಮಾನಿತರ ಎದೆಯ ಸುತ್ತಳತೆಯನ್ನು ಯಾರೂ ವಿಚಾರಿಸುವುದಿಲ್ಲ. ಶಾಲಿಗೆ ಉದ್ದಗಲಗಳಿವೆ, ಆದರೆ ತೊಡುವವರಿಗೆ ಸಂಬಂಧಿಸಿದ ಅಳತೆಯಿಲ್ಲ. ಈ ಅಳತೆ ಯಾವಾಗ, ಹೇಗೆ ಬಂದಿತು ಮತ್ತು ಅದರ ಬೆಲೆಯನ್ನು ತೆತ್ತವರು ಯಾರು ಎಂಬುದು ವಸ್ತ್ರಚರಿತ್ರೆಯ ಒಂದು ಮುಖ್ಯ ಪ್ರಶ್ನೆ.

ಮೂಲವಸ್ತುವಿನ ಬಗ್ಗೆ ಎರಡು ಮಾತು ಸಾಕು. ಲಡಾಖ್‌ನ ಚಾಂಗ್‌ಥಾಂಗ್ ಪ್ರಸ್ಥಭೂಮಿಯಲ್ಲಿ, ಸಮುದ್ರಮಟ್ಟದಿಂದ 4000 ಮೀಟರಿಗೂ ಮೇಲೆ, ಚಾಂಗ್‌ಪಾ ಜನರು ಸಾಕುವ ಮೇಕೆಗಳಿಗೆ ಒರಟಾದ ಹೊರಗೂದಲಿನ ಅಡಿಯಲ್ಲಿ ನವಿರಾದ ಒಳಗೂದಲು ಬೆಳೆಯುತ್ತದೆ. ಚಳಿಗಾಲ ಮುಗಿಯುತ್ತಲೇ ಅದನ್ನು ಬಾಚಿ ತೆಗೆಯುತ್ತಾರೆ. ಪಾರಸಿ ಭಾಷೆಯಲ್ಲಿ ಉಣ್ಣೆಗೆ ಪಶ್ಮ್ ಎಂದು ಹೆಸರು. ಪಶ್ಮೀನಾ ಎಂಬುದು ಅದರಿಂದ ಬಂದ ಶಬ್ದ. ಎಳೆಯ ದಪ್ಪ ಸಾಮಾನ್ಯವಾಗಿ 12ರಿಂದ 15 ಮೈಕ್ರಾನ್. ಲಡಾಖ್ ಮತ್ತು ಪಶ್ಚಿಮ ಟಿಬೆಟ್ಟಿನ ಈ ಉಣ್ಣೆ ಕಾಶ್ಮೀರದ ಕಣಿವೆಗೇ ಸೇರಬೇಕೆಂಬ ಏರ್ಪಾಡನ್ನು 1684ರ ತಿಂಗ್‌ಮೊಸ್‌ಗಾಂಗ್ ಒಪ್ಪಂದ ಗಟ್ಟಿಗೊಳಿಸಿತು.

ಅಳತೆಯ ದೃಷ್ಟಿಯಿಂದ ನೋಡಿದಾಗ ಅಬುಲ್ ಫಜಲನ 'ಐನ್-ಇ-ಅಕ್ಬರಿ' ಬಹಳ ಮಹತ್ವದ ಆಕರ. ಅಕ್ಬರನ ಉಡುಪಿನ ಕೋಠಿ ಹಾಗೂ ಶಾಲುಗಳನ್ನು ಕುರಿತ ಅದರ ಪ್ರಕರಣಗಳನ್ನು ವಿದ್ವಾಂಸರು ಹೆಚ್ಚಾಗಿ ಬಣ್ಣ ಮತ್ತು ಬೆಲೆಗಳಿಗಾಗಿ ಉಲ್ಲೇಖಿಸುತ್ತಾರೆ. ಆದರೆ ಅಲ್ಲಿರುವ ಎರಡು ಸಂಗತಿಗಳು ಪ್ರಸ್ತುತ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಅಕ್ಬರನು ಶಾಲಿನ ಕೈಗಾರಿಕೆಯಲ್ಲಿ ತಂದ ಸುಧಾರಣೆಗಳಲ್ಲಿ ಅಗಲದ ಹೆಚ್ಚಳವೂ ಒಂದು: ಒಂದು ಪೂರ್ಣ ಉಡುಪಿಗೆ ಸಾಲುವಷ್ಟು ದೊಡ್ಡದಾಗಿ ವಸ್ತ್ರವನ್ನು ನೇಯಿಸಲಾಯಿತು. ಮಗ್ಗದ ಅಗಲವನ್ನು ನಿರ್ಧರಿಸುವಾಗ ತೊಡುವ ಮೈ ಲೆಕ್ಕಕ್ಕೆ ಬಂದ ಸ್ಪಷ್ಟ ದಾಖಲೆ ಇದು. ಎರಡನೆಯದು ಇದಕ್ಕಿಂತ ಕುತೂಹಲಕರ. ಬಾದಶಹನ ಉಡುಪುಗಳು ಎತ್ತರದವರಿಗೂ ಗಿಡ್ಡರಿಗೂ ಸಮನಾಗಿ ಒಪ್ಪುತ್ತಿದ್ದವೆಂದೂ ಅದು ಅನೇಕರನ್ನು ಬೆರಗುಗೊಳಿಸಿತ್ತೆಂದೂ ಅಬುಲ್ ಫಜಲ್ ಬರೆಯುತ್ತಾನೆ. ಆಸ್ಥಾನ ಲೇಖಕನ ಭಕ್ತಿಯನ್ನು ಇಲ್ಲಿ ಕಳೆದು ಓದಬೇಕು. ಆ ಬೆರಗಿಗೆ ಹೊಲಿಗೆಯಲ್ಲಿಯೇ ಉತ್ತರವಿದೆ. ಅಂದಿನ ಜಾಮಾ ಗುಂಡಿಯ ಅಂಗಿಯಲ್ಲ. ಎದೆಯ ಮೇಲೆ ಒಂದರ ಮೇಲೊಂದು ಬರುವಂತೆ ಎಳೆದು, ಪಕ್ಕದಲ್ಲಿ ಲಾಡಿಗಳಿಂದ ಕಟ್ಟಿಕೊಳ್ಳುವ ಉಡುಪು. ಮೈ ದಪ್ಪವಿದ್ದರೆ ಕಟ್ಟು ಸಡಿಲ, ತೆಳುವಿದ್ದರೆ ಬಿಗಿ. ಒಪ್ಪವೆಂಬುದು ಬಟ್ಟೆಯಲ್ಲಿ ಮೊದಲೇ ಅಡಗಿರದೆ, ಪ್ರತಿದಿನ ತೊಡುವಾಗ ಉಂಟಾಗುತ್ತಿತ್ತು.

ಶಾಲಿನ ವಿಷಯದಲ್ಲಿಯೂ ಹೀಗೆಯೇ. ಹಿಂದೆ ನಾಲ್ಕು ಮಡಿಕೆಯಾಗಿ ಧರಿಸುತ್ತಿದ್ದುದನ್ನು ಜನರು ಮಡಿಕೆಯಿಲ್ಲದೆ ಹೆಗಲ ಮೇಲೆ ಹಾಕಿಕೊಳ್ಳತೊಡಗಿದರು, ಅಕ್ಬರನು ಎರಡನ್ನು ಜೋಡಿಸಿ ಧರಿಸುವುದನ್ನು ಆರಂಭಿಸಿದನು ಎಂದು 'ಐನ್' ಹೇಳುತ್ತದೆ. ದೋಶಾಲಾ ಎಂಬ ಮಾತು ಈ ಜೋಡಿಯನ್ನು ಸೂಚಿಸುತ್ತದೆ. ಕನ್ನಡದ ಜೋಡಿ ಶಾಲು, ಶಾಲುಜೋಡಿ ಎಂಬ ಮಾತುಗಳಲ್ಲಿ ಉಳಿದಿರುವುದೂ ಇದೇ. ಖಿಲ್ಲತ್ತಿನ ಪದ್ಧತಿ ಮೊಗಲರಿಂದ ದಖನ್ನಿನ ಆಸ್ಥಾನಗಳವರೆಗೆ ಹಬ್ಬಿದಾಗ, ಮೈಸೂರಿನ ಅರಮನೆಯಲ್ಲಿ ವಿದ್ವಾಂಸರಿಗೆ ಶಾಲುಜೋಡಿ ಸಲ್ಲುವಾಗ, ಈ ವಸ್ತ್ರಕ್ಕಿದ್ದ ಒಂದು ಅನುಕೂಲವನ್ನು ಮರೆಯಬಾರದು: ಕೊಡುವವನಿಗೆ ಪಡೆಯುವವನ ಮೈಯ ಪರಿಚಯ ಬೇಕಿರಲಿಲ್ಲ. 1846ರ ಮಾರ್ಚ್ 16ರ ಅಮೃತಸರ ಒಪ್ಪಂದದಂತೆ ಗುಲಾಬ್ ಸಿಂಗನು ಬ್ರಿಟಿಷರಿಗೆ ವರ್ಷವರ್ಷವೂ ಸಲ್ಲಿಸಬೇಕಾಗಿದ್ದುದು ಒಂದು ಕುದುರೆ, ಶಾಲಿನ ಉಣ್ಣೆ ಕೊಡುವ 12 ಮೇಕೆಗಳು ಮತ್ತು ಮೂರು ಜೋಡಿ ಶಾಲುಗಳು. ಎಷ್ಟೋ ಮೈಲಿ ದೂರದ, ಎಂದೂ ಕಾಣದ ರಾಣಿಗೂ ಅದನ್ನು ನಿಶ್ಚಿಂತೆಯಿಂದ ಕಳುಹಿಸಬಹುದಾಗಿತ್ತು.

ಯುರೋಪಿನಲ್ಲಿ ಶಾಲಿನ ಗತಿ ಬೇರೆಯಾಯಿತು. ನೆಪೋಲಿಯನ್ನನ ಈಜಿಪ್ಟ್ ದಂಡಯಾತ್ರೆಯ ಕಾಲದಿಂದ ಪ್ಯಾರಿಸ್ಸಿನಲ್ಲಿ ಕಾಶ್ಮೀರದ ಶಾಲಿನ ಮೋಹ ಬೆಳೆಯಿತು. ಗ್ರೋ ಎಂಬ ಚಿತ್ರಕಾರನು 1809ರ ಸುಮಾರಿಗೆ ಬಿಡಿಸಿದ ಚಿತ್ರದಲ್ಲಿ ಜೋಸೆಫೀನ್ ರಾಣಿ ಒಂದು ಶಾಲನ್ನು ಹೆಗಲಿಗೆ ಹಾಕಿಕೊಂಡಿದ್ದಾಳೆ; ಅವಳ ನಿಲುವಂಗಿಯೂ ಶಾಲಿನಿಂದಲೇ ಹೊಲಿದದ್ದು. ಹೊದೆಯುವುದನ್ನು ತೊಡುವುದಾಗಿ ಮಾಡುವ ಆಸೆ ಅಲ್ಲಿಯೇ ಕಾಣುತ್ತದೆ. ನಾರ್ವಿಚ್, ಎಡಿನ್‌ಬರೋ ಮತ್ತು ಪೇಸ್ಲಿಯ ಮಗ್ಗಗಳು ಅಗ್ಗದ ಅನುಕರಣೆಗಳನ್ನು ನೇಯ್ದವು. ಇತ್ತ ಶ್ರೀನಗರದಲ್ಲಿ ಬೇಡಿಕೆಗೆ ತಕ್ಕ ವೇಗ ಬೇಕಾದಾಗ, ಒಂದು ಶಾಲನ್ನು ತುಂಡುತುಂಡಾಗಿ ಹಲವು ಮಗ್ಗಗಳಲ್ಲಿ ನೇಯ್ದು, ರಫೂಗಾರರಿಂದ ಕೂಡಿಸುವ ಕ್ರಮ ಬೆಳೆಯಿತು. ಹೊಲಿಗೆ ಕಣ್ಣಿಗೆ ಬೀಳದಂತೆ ಕೂಡಿಸುವ ಆ ಕೈಗಳಿಗೆ ಚರಿತ್ರೆಕಾರರು ಕೊಟ್ಟಿರುವ ಪುಟಗಳು ತೀರ ಕಡಿಮೆ.

1850ರ ದಶಕದ ಕ್ರಿನೊಲಿನ್ ಲಂಗ ಗುಮ್ಮಟದಂತೆ ಅಗಲವಾಗಿತ್ತು. ಅದರ ಮೇಲೆ ತೋಳಿನ ಕೋಟು ಕೂರುವುದು ಕಷ್ಟ. ದೊಡ್ಡ ಶಾಲು ಸೊಗಸಾಗಿ ಹರಡಿಕೊಳ್ಳುತ್ತಿತ್ತು. 1870ರ ಹೊತ್ತಿಗೆ ಆ ಗುಮ್ಮಟ ಹೋಗಿ, ಸೊಂಟದ ಹಿಂಭಾಗವನ್ನು ಮಾತ್ರ ಎತ್ತಿ ತೋರಿಸುವ ಬಸಲ್ ಬಂದಿತು. ಶಾಲು ಹೊದ್ದರೆ ಆ ಆಕಾರವೇ ಮುಚ್ಚಿಹೋಗುತ್ತಿತ್ತು. ತಾಯಂದಿರ ಶಾಲುಗಳನ್ನು ಹೆಣ್ಣುಮಕ್ಕಳು ಕತ್ತರಿಸಿ ಡಾಲ್ಮನ್ ಎಂಬ ಮೇಲುಡುಪಾಗಿ ಹೊಲಿಸಿಕೊಂಡರು. ಅಂಥ ಉಡುಪುಗಳು ಇಂದಿಗೂ ವಸ್ತುಸಂಗ್ರಹಾಲಯಗಳಲ್ಲಿವೆ. ಅದೇ ವೇಳೆಗೆ 1870-71ರ ಫ್ರಾನ್ಸ್-ಪ್ರಷ್ಯ ಯುದ್ಧ ಮುಖ್ಯ ಮಾರುಕಟ್ಟೆಯನ್ನೇ ಮುರಿಯಿತು. ಯುದ್ಧವೊಂದೇ ಕಾರಣವೆನ್ನುವ ವಿವರಣೆ ಸರಳವಾದುದು. ಯುದ್ಧ ಮುಗಿದ ಮೇಲೂ ಶಾಲು ಮರಳಿ ಬರಲಿಲ್ಲ. ಏಕೆಂದರೆ ಅದು ಕೂರಬೇಕಾಗಿದ್ದ ಮೈಯ ಆಕಾರ ಬದಲಾಗಿತ್ತು.

ಈ ಬದಲಾವಣೆ ಬಂದೆರಗಿದ್ದು ಮೊದಲೇ ನಲುಗಿದ್ದ ಜನರ ಮೇಲೆ. ಆಫ್ಘನ್ನರ ಕಾಲದಲ್ಲಿ ಆರಂಭವಾದ ದಾಗ್-ಶಾಲ್ ತೆರಿಗೆ ಸಿಖ್ಖರ ಮತ್ತು ಡೋಗ್ರಾಗಳ ಆಳ್ವಿಕೆಯಲ್ಲಿಯೂ ಮುಂದುವರಿದು ನೇಕಾರನನ್ನು ಮಗ್ಗಕ್ಕೆ ಕಟ್ಟಿಹಾಕಿತ್ತು. 1865ರ ಏಪ್ರಿಲ್ 29ರಂದು ಶ್ರೀನಗರದ ಜಾಲ್‌ಡಗರ್‌ನಲ್ಲಿ ಪ್ರತಿಭಟಿಸಿದ ಶಾಲು ನೇಕಾರರನ್ನು ಸೈನ್ಯ ಅಟ್ಟಿದಾಗ ಹಲವರು ನೀರಿಗೆ ಬಿದ್ದು ಸತ್ತರು. 1877-79ರ ಕ್ಷಾಮ ಉಳಿದವರಲ್ಲಿ ಬಹುಜನರನ್ನು ಕೊಂಡೊಯ್ದಿತು.

ಕಾಶ್ಮೀರದ ಹೆಸರು ಹೊತ್ತ ಉಣ್ಣೆಯ ಎರಡನೆಯ ಜೀವನ ಆರಂಭವಾದದ್ದು ಮಗ್ಗದಲ್ಲಲ್ಲ, ಹೆಣಿಗೆಯ ಯಂತ್ರದಲ್ಲಿ. ಒಳಗೂದಲಿನಿಂದ ಹೊರಗೂದಲನ್ನು ಬೇರ್ಪಡಿಸುವುದು ಕಾಶ್ಮೀರದಲ್ಲಿ ಹೆಂಗಸರ ಕೈಕೆಲಸವಾಗಿತ್ತು. ಅದನ್ನು ಯಂತ್ರಕ್ಕೆ ಒಪ್ಪಿಸಿದವನು ಬ್ರಾಡ್‌ಫೋರ್ಡ್‌ನ ಜೋಸೆಫ್ ಡಾಸನ್, 19ನೇ ಶತಮಾನದ ಉತ್ತರಾರ್ಧದಲ್ಲಿ. ಸ್ಕಾಟ್‌ಲೆಂಡಿನ ಹಾವಿಕ್ ಪಟ್ಟಣಕ್ಕೆ 1771ರಲ್ಲಿಯೇ ಜಾನ್ ಹಾರ್ಡಿ ಕಾಲುಚೀಲ ಹೆಣೆಯುವ ನಾಲ್ಕು ಚೌಕಟ್ಟುಗಳನ್ನು ತಂದಿದ್ದನು. ಕಾಲುಚೀಲಕ್ಕೆ ಅಳತೆ ಅನಿವಾರ್ಯ. ಪಾದಕ್ಕೆ ಕೂರದ ಕಾಲುಚೀಲ ನಿರರ್ಥಕ. ಹೆಣಿಗೆಯ ಉಡುಪಿಗೆ ಅಂಟಿಕೊಂಡ ಅಳತೆಯ ಹಂಬಲ ಪಾದದಿಂದ ಮೇಲೇರಿ ಬಂದದ್ದು ಎನ್ನಬಹುದು. 1864ರಲ್ಲಿ ಲಫ್‌ಬರೋದ ವಿಲಿಯಂ ಕಾಟನ್ ಹಕ್ಕುಪತ್ರ ಪಡೆದ ಯಂತ್ರವು ಕುಣಿಕೆಗಳನ್ನು ತಾನಾಗಿಯೇ ಕೂಡಿಸಿ, ಕಳೆದು, ತೋಳು ಕಂಕುಳುಗಳ ಆಕಾರವನ್ನು ಹೆಣೆಯುವಾಗಲೇ ಕೊಡಬಲ್ಲುದಾಗಿತ್ತು. ಇಲ್ಲಿ ಕತ್ತರಿಯ ಅಗತ್ಯ ಬಹುಮಟ್ಟಿಗೆ ತಪ್ಪಿತು. ಕತ್ತರಿಸಿದರೆ ವ್ಯರ್ಥವಾಗುವ ಪ್ರತಿಯೊಂದು ತುಣುಕೂ ದುಬಾರಿಯಾದ ಈ ಉಣ್ಣೆಗೆ ಅಂಥ ಯಂತ್ರ ಹೇಳಿ ಮಾಡಿಸಿದಂತಿತ್ತು.

ಆದರೆ ಹೆಣಿಗೆಯ ಅಳತೆ ಕಲ್ಲಿನಲ್ಲಿ ಕೆತ್ತಿದ್ದಲ್ಲ. ನೇಯ್ಗೆಯಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಹಿಡಿದು ನಿಲ್ಲಿಸುತ್ತವೆ. ಹೆಣಿಗೆಯಲ್ಲಿ ಕುಣಿಕೆಗಳು ಎಳೆದಂತೆ ಹಿಗ್ಗುತ್ತವೆ. ಜೊತೆಗೆ ಕ್ಯಾಶ್ಮೀರ್ ಎಳೆ ಗಿಡ್ಡ. ಸಡಿಲವಾಗಿ ಹೆಣೆದರೆ ಮುಟ್ಟಿದೊಡನೆ ಹಿತವೆನಿಸಿದರೂ ಕೆಲವೇ ದಿನಗಳಲ್ಲಿ ಮೊಣಕೈ ಉಬ್ಬುತ್ತದೆ, ಮೇಲ್ಮೈಯಲ್ಲಿ ಸಣ್ಣ ಉಂಡೆಗಳೇಳುತ್ತವೆ. ಹೆಣೆದ ಮೇಲೆ ನೀರಿನಲ್ಲಿ ಹದಗೊಳಿಸುವಾಗ ಉಡುಪು ಕುಗ್ಗಿ ಮೈದುಂಬಿಕೊಳ್ಳುವುದರಿಂದ, ಆ ಕುಗ್ಗುವಿಕೆಯನ್ನು ಮುಂಚೆಯೇ ಲೆಕ್ಕಹಾಕಿ ದೊಡ್ಡದಾಗಿ ಹೆಣೆಯಬೇಕು. ಕೊಳ್ಳುವವರು ನೋಡಬೇಕಾದದ್ದು ಪಟ್ಟಿಯ ಮೇಲಿನ ಅಕ್ಷರವನ್ನಲ್ಲ, ಕುಶಲಿಗಳು ನೋಡುವ ಜಾಗಗಳನ್ನೇ: ಹೆಗಲಿನ ಹೊಲಿಗೆ ಹೆಗಲೆಲುಬಿನ ತುದಿಗೆ ಬರುತ್ತದೆಯೇ, ತೋಳೆತ್ತಿದಾಗ ಇಡೀ ಅಂಗಿ ಮೇಲೇರುತ್ತದೆಯೇ, ಮುಂಗೈಯ ಮತ್ತು ಸೊಂಟದ ಅಂಚು ಎಳೆದು ಬಿಟ್ಟಾಗ ಮೊದಲಿನ ಸ್ಥಿತಿಗೆ ಮರಳುತ್ತದೆಯೇ. ಎದೆಯ ಸುತ್ತಳತೆಗಿಂತ ಅಂಗಿ 5ರಿಂದ 10 ಸೆಂಟಿಮೀಟರಿನಷ್ಟು ಹೆಚ್ಚಿದ್ದರೆ ಸಾಮಾನ್ಯ ಒಪ್ಪ ದೊರೆಯುತ್ತದೆ. ಮನೆಯಲ್ಲಿರುವ, ಚೆನ್ನಾಗಿ ಕೂರುವ ಹಳೆಯ ಸ್ವೆಟರನ್ನು ಹಾಸಿ ಅಳೆಯುವುದು ಎಲ್ಲ ಪಟ್ಟಿಗಳಿಗಿಂತ ವಿಶ್ವಾಸಾರ್ಹ. ಬಿಗಿಯಾದುದು ಮುಂದೆ ಹಿಗ್ಗೀತೆಂದು ನಂಬಿ ಕೊಳ್ಳುವುದು ಸರಿಯಲ್ಲ; ಅದು ಹಿಗ್ಗುವುದು ಎಳೆತ ಬಿದ್ದ ಜಾಗದಲ್ಲಿ ಮಾತ್ರ.

ಆ ಪಟ್ಟಿಗಳಿಗೂ ಒಂದು ಚರಿತ್ರೆಯಿದೆ. 1939-40ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಪರವಾಗಿ ರೂತ್ ಓಬ್ರಿಯನ್ ಮತ್ತು ವಿಲಿಯಂ ಶೆಲ್ಟನ್ ಸುಮಾರು 15,000 ಹೆಂಗಸರ ಮೈಯಳತೆಗಳನ್ನು, ಒಬ್ಬೊಬ್ಬರಿಂದ 59ರಂತೆ, ಸಂಗ್ರಹಿಸಿದರು. 1941ರಲ್ಲಿ ಅದು ಪ್ರಕಟವಾಯಿತು. ಅಂತಿಮ ಲೆಕ್ಕಕ್ಕೆ ಬಿಳಿಯರ ಅಳತೆಗಳನ್ನು ಮಾತ್ರ ತೆಗೆದುಕೊಂಡರು. ಈ ಆಧಾರದ ಮೇಲೆ 1958ರಲ್ಲಿ ಹೊರಬಂದ ಮಾನದಂಡವನ್ನು 1983ರಲ್ಲಿ ಕೈಬಿಡಲಾಯಿತು. ಅಲ್ಲಿಂದೀಚೆಗೆ ಕಂಪನಿಗಳು ತಮ್ಮ ತಮ್ಮ ಗಿರಾಕಿಗಳ ಕಲ್ಪನೆಗೆ ತಕ್ಕಂತೆ ಅಂಕಿಗಳನ್ನು ಹಿಗ್ಗಿಸುತ್ತ ಬಂದಿವೆ. ಭಾರತೀಯರ ಮೈಗೆ ಹೊಂದುವ ಪಟ್ಟಿಯೊಂದನ್ನು ರೂಪಿಸಲು ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ ಕೈಗೊಂಡ ಇಂಡಿಯಾಸೈಜ್ ಯೋಜನೆಯಲ್ಲಿ ಆರು ನಗರಗಳ 25,000 ಜನರನ್ನು ಅಳೆಯುವ ಗುರಿಯಿತ್ತು. ಆ ಆರರಲ್ಲಿ ಬೆಂಗಳೂರೂ ಒಂದು. ಅಳೆಯುವುದು ಟೇಪಿನಿಂದಲ್ಲ, ಮೈಯನ್ನು ಮುಟ್ಟದ ತ್ರಿಆಯಾಮ ಸ್ಕ್ಯಾನರಿನಿಂದ.

ಶ್ರೀನಗರದ ಕೈಮಗ್ಗಗಳಲ್ಲಿ ಇಂದಿಗೂ ಇಳಿಯುತ್ತಿರುವ ಪಶ್ಮೀನಾ ಶಾಲು ಸಾಮಾನ್ಯವಾಗಿ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ. 2008ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಾಗ ಎಳೆಯ ದಪ್ಪ, ಕೈನೂಲು, ಕೈಮಗ್ಗ ಇವುಗಳನ್ನೆಲ್ಲ ನಿಯಮಗಳಲ್ಲಿ ಗೊತ್ತುಪಡಿಸಿದರು. ಅದನ್ನು ಹೊದೆಯುವವರ ಅಳತೆಯನ್ನು ಗೊತ್ತುಪಡಿಸುವ ಪ್ರಸಂಗ ಬರಲಿಲ್ಲ.