ಲಾಂಗೆ: ವೈನ್ ಬೆಟ್ಟಗಳ ಹಸಿವಿನ ಚರಿತ್ರೆ

ಇಟಲಿಯ ವಾಯವ್ಯ ಭಾಗದಲ್ಲಿ, ಟ್ಯೂರಿನ್ ನಗರದಿಂದ ಸುಮಾರು 60 ಕಿ.ಮೀ. ದೂರದಲ್ಲಿ ಲಾಂಗೆ ಎಂಬ ಬೆಟ್ಟಸೀಮೆಯಿದೆ. ಬರೋಲೊ ಮತ್ತು ಬಾರ್ಬರೆಸ್ಕೊ ಎಂಬ ಎರಡು ಹೆಸರಾಂತ ಕೆಂಪು ವೈನ್‌ಗಳ ತವರು ಅದು. ಅಕ್ಟೋಬರ್ ಬಂತೆಂದರೆ ಉಳ್ಳವರು ಮೂರು ದಿನ ಬಿಡುವು ಮಾಡಿಕೊಂಡು ಇಲ್ಲಿಗೆ ಬರುತ್ತಾರೆ. ಬೆಳಿಗ್ಗೆ ಒಂದು ವೈನ್ ನೆಲಮಾಳಿಗೆ, ಮಧ್ಯಾಹ್ನ ಒಂದು ಹಳ್ಳಿಯಲ್ಲಿ ಊಟ, ಸಂಜೆ ಇನ್ನೊಂದು ಬೆಟ್ಟ. ಈ ದ್ರಾಕ್ಷಿತೋಟಗಳ ನೋಟವನ್ನು ಯುನೆಸ್ಕೊ 2014ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೆ ಪ್ರವಾಸಿಗಳ ತಟ್ಟೆಗೆ ಬೀಳುವ ತಿನಿಸುಗಳ ಹಿಂದೆ ಬೇರೆಯದೇ ಚರಿತ್ರೆಯಿದೆ. ಎರಡನೆಯ ಮಹಾಯುದ್ಧದ ಕಾಲಕ್ಕೂ ಲಾಂಗೆ ಎಂದರೆ ಬಡತನ. ಇಲ್ಲಿನ ಮುಖ್ಯ ಪಟ್ಟಣ ಆಲ್ಬಾದಲ್ಲಿ ಹುಟ್ಟಿದ ಲೇಖಕ ಬೆಪ್ಪೆ ಫೆನೋಲಿಯೊ 1954ರಲ್ಲಿ ಪ್ರಕಟಿಸಿದ 'ಲಾ ಮಲೋರಾ' ಕಾದಂಬರಿಯಲ್ಲಿ ಹುಡುಗನೊಬ್ಬನನ್ನು ಅಪ್ಪ ವರ್ಷದ ಲೆಕ್ಕದಲ್ಲಿ ಗೇಣಿದಾರನೊಬ್ಬನ ಮನೆಗೆ ಸಂಬಳದಾಳಾಗಿ ಬಿಡುತ್ತಾನೆ. ಆ ಮನೆಯಲ್ಲಿ ಎರಡು ಹೊತ್ತೂ ಮೆಕ್ಕೆಜೋಳದ ಮುದ್ದೆ. ನಂಚಿಕೊಳ್ಳಲು ತೊಲೆಯಿಂದ ದಾರದಲ್ಲಿ ಇಳಿಬಿಟ್ಟ ಒಂದೇ ಒಂದು ಉಪ್ಪುಮೀನು. ಸರದಿಯಂತೆ ಪ್ರತಿಯೊಬ್ಬರೂ ಮುದ್ದೆಯನ್ನು ಅದಕ್ಕೆ ಒರೆಸಿ ತಿನ್ನಬೇಕು. ಮೀನು ಮೀನಿನ ಆಕಾರವನ್ನೇ ಕಳೆದುಕೊಂಡ ಮೇಲೂ ಒರೆಸುವುದು ನಿಲ್ಲುವುದಿಲ್ಲ.

ಆ ಮೀನಿನ ಹೆಸರು ಆಂಚೊವಿ. ನಮ್ಮ ಕರಾವಳಿಯ ಒಣಮೀನು ಘಟ್ಟ ಹತ್ತಿ ಮಲೆನಾಡಿಗೆ ಬರುವಂತೆ, ಅದು ಲಿಗೂರಿಯಾದ ಕಡಲತೀರದಿಂದ ಬೆಟ್ಟ ದಾಟಿ ಬರುತ್ತಿತ್ತು. ಇಂದು ಆಲ್ಬಾದ ಹೋಟೆಲುಗಳಲ್ಲಿ ಮರ್ಯಾದೆಯಿಂದ ಬಡಿಸುವ 'ಬಾನ್ಯಾ ಕಾವ್ಡಾ' ಇದೇ ಮೀನಿನದು. ಬೆಳ್ಳುಳ್ಳಿ, ಮೀನು, ಆಲಿವ್ ಎಣ್ಣೆಯನ್ನು ಮಣ್ಣಿನ ಕುಡಿಕೆಯಲ್ಲಿ ಸಣ್ಣ ಉರಿಯಲ್ಲಿ ಕರಗಿಸಿ, ಹಸಿ ತರಕಾರಿಯನ್ನು ಅದರಲ್ಲಿ ಅದ್ದಿ ತಿನ್ನುತ್ತಾರೆ. ಇನ್ನೊಂದು ಪ್ರಸಿದ್ಧ ತಿನಿಸು 'ಪ್ಲಿನ್'. ಆ ಸೀಮೆಯ ಮಾತಿನಲ್ಲಿ ಹಾಗೆಂದರೆ ಚಿವುಟು. ಹಿಂದಿನ ದಿನ ಉಳಿದ ಮಾಂಸವನ್ನು ಕೊಚ್ಚಿ, ತೆಳ್ಳನೆಯ ಹಿಟ್ಟಿನ ಹಾಳೆಯಲ್ಲಿಟ್ಟು, ಬೆರಳಿನಿಂದ ಚಿವುಟಿ ಮುಚ್ಚಿದ ಪುಟ್ಟ ಕಡುಬು ಅದು. ಏನನ್ನೂ ಬಿಸಾಡಲಾಗದ ಅಡುಗೆಮನೆ ಹುಟ್ಟಿಸಿದ ಜಾಣ್ಮೆ ಎನ್ನಬಹುದು.

ಪ್ರವಾಸಕ್ಕೆ ಆಲ್ಬಾದಲ್ಲೇ ತಂಗುವುದು ಅನುಕೂಲ. ಶರತ್ಕಾಲದಲ್ಲಿ ಅಲ್ಲಿ ಬಿಳಿ ಟ್ರಫಲ್ ಜಾತ್ರೆ ನಡೆಯುತ್ತದೆ. ಟ್ರಫಲ್ ಎಂದರೆ ಮರದ ಬೇರಿನ ಬಳಿ, ಮಣ್ಣಿನೊಳಗೇ ಬೆಳೆಯುವ ಅಣಬೆ. ಕರಾವಳಿಯವರಿಗೆ ಕಲ್ಲಣಬೆ ನೆನಪಾದೀತು. ನಾಯಿಗಳು ಮೂಸಿ ಹುಡುಕುವ ಇದನ್ನು ಊಟದ ಮೇಜಿನಲ್ಲಿ ಗ್ರಾಂ ಲೆಕ್ಕದಲ್ಲಿ ತುರಿದು ಹಾಕುತ್ತಾರೆ. ಬೆಲೆ ಕೇಳಿಯೇ ತುರಿಸಿಕೊಳ್ಳುವುದು ಕ್ಷೇಮ. ಈ ಅಣಬೆಗೆ ಇಷ್ಟು ಹೆಸರು ತಾನಾಗಿ ಬಂದದ್ದಲ್ಲ. ಜಾಕೊಮೊ ಮೊರ್ರಾ ಎಂಬ ಆಲ್ಬಾದ ಹೋಟೆಲ್ ಮಾಲೀಕ 1949ರಲ್ಲಿ ಹಾಲಿವುಡ್ ನಟಿ ರೀಟಾ ಹೇವರ್ತ್‌ಗೆ, ಬಳಿಕ ಅಮೆರಿಕದ ಅಧ್ಯಕ್ಷ ಟ್ರೂಮನ್‌ಗೆ ಟ್ರಫಲ್ ಉಡುಗೊರೆ ಕಳುಹಿಸಿ ಪತ್ರಿಕೆಗಳಲ್ಲಿ ಸುದ್ದಿ ಮಾಡಿದ.

ಆಲ್ಬಾದಿಂದ ಬಾರ್ಬರೆಸ್ಕೊ ಹತ್ತಿರವೇ ಇದೆ. ಎರಡನೆಯ ದಿನವನ್ನು ಅದಕ್ಕೆ ಮೀಸಲಿಡಬೇಕು. ಹಿಂದೆ ದ್ರಾಕ್ಷಿ ಬೆಳೆಯುವವನಿಗೂ ವೈನ್ ಮಾರುವವನಿಗೂ ಸಂಬಂಧವಿರಲಿಲ್ಲ. ರೈತ ದ್ರಾಕ್ಷಿಯನ್ನು ಪೇಟೆಗೆ ತಂದು, ದಲ್ಲಾಳಿ ಹೇಳಿದ ಬೆಲೆಗೆ ಕೊಟ್ಟು ಹೋಗಬೇಕಿತ್ತು. ಸಂಜೆಯಾದರೆ ಕೊಳೆಯುವ ಮಾಲು, ಚೌಕಾಸಿಗೆ ಎಡೆಯೆಲ್ಲಿ? ಆಲ್ಬಾದ ವೈನ್ ಶಾಲೆಯ ಮುಖ್ಯಸ್ಥ ದೊಮಿತ್ಸಿಯೊ ಕವಾತ್ಸಾ 1894ರಲ್ಲಿ ಒಂಬತ್ತು ಬೆಳೆಗಾರರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದ. ಫ್ಯಾಸಿಸ್ಟ್ ಆಡಳಿತದ ಆರ್ಥಿಕ ನೀತಿಯಿಂದ ಅದು 1920ರ ದಶಕದಲ್ಲಿ ಮುಚ್ಚಿತು. 1958ರಲ್ಲಿ ಊರಿನ ಪಾದ್ರಿ 19 ಮಂದಿ ಸಣ್ಣ ರೈತರನ್ನು ಮತ್ತೆ ಒಟ್ಟುಗೂಡಿಸಿದರು. ಕಟ್ಟಡವಿರಲಿಲ್ಲ; ಮೊದಲ ಮೂರು ವರ್ಷದ ವೈನ್ ತಯಾರಾದದ್ದು ಚರ್ಚಿನ ನೆಲಮಾಳಿಗೆಯಲ್ಲಿ! ಈ ಸಂಘದಲ್ಲಿ ಇಂದು ಐವತ್ತಕ್ಕೂ ಹೆಚ್ಚು ರೈತ ಕುಟುಂಬಗಳಿವೆ.

ಮೂರನೆಯ ದಿನ ಬರೋಲೊ ಕಡೆಗೆ. ದಾರಿಯಲ್ಲಿ ಗ್ರಿನ್ಸಾನೆ ಕೋಟೆ ಸಿಗುತ್ತದೆ. ಮುಂದೆ ಏಕೀಕೃತ ಇಟಲಿಯ ಮೊದಲ ಪ್ರಧಾನಿಯಾದ ಕಾವೂರ್, 1832ರಿಂದ 1849ರವರೆಗೆ ಈ ಪುಟ್ಟ ಊರಿನ ಮೇಯರ್ ಆಗಿದ್ದ. ಇಲ್ಲಿನ ತನ್ನ ತೋಟದಲ್ಲಿ ವೈನ್ ಸುಧಾರಣೆಗೂ ಕೈ ಹಾಕಿದ್ದ. ಬರೋಲೊ ಇಂದಿನ ನಿಯಮದಂತೆ 38 ತಿಂಗಳು ಮಾಗಬೇಕು, ಅದರಲ್ಲಿ 18 ತಿಂಗಳು ಮರದ ಪೀಪಾಯಿಯಲ್ಲಿ. ಅಷ್ಟು ಕಾಲ ಹಣ ಕಾಯಬಲ್ಲವರು ಶ್ರೀಮಂತರು ಮಾತ್ರ. ಇದನ್ನು ಅರಸರ ವೈನ್ ಎಂದು ಕರೆದದ್ದು ಸುಮ್ಮನೆ ಅಲ್ಲ.

ಬೆಟ್ಟದ ಜನ ಊರು ಬಿಡದಂತೆ ತಡೆದದ್ದರಲ್ಲಿ ಹೇಜಲ್ ಕಾಯಿಯ ಪಾಲೂ ದೊಡ್ಡದು. ಯುದ್ಧದ ಬಳಿಕ ಕೋಕೋ ದುರ್ಲಭವಾಗಿದ್ದಾಗ ಆಲ್ಬಾದ ಮಿಠಾಯಿಗಾರ ಪಿಯೆತ್ರೊ ಫೆರೆರೊ ಈ ಬೆಟ್ಟಗಳ ಕಾಯಿಯನ್ನು ಅರೆದು ಬೆರೆಸಿ ಸಿಹಿ ಮಾಡಿದ. 1946ರಲ್ಲಿ ಆರಂಭವಾದ ಆ ಕಂಪೆನಿ 1964ರಲ್ಲಿ ನ್ಯುಟೆಲ್ಲಾ ತಂದಿತು. ಕಾರ್ಖಾನೆಯ ಬಸ್ಸುಗಳು ಹಳ್ಳಿಹಳ್ಳಿಗೆ ಹೋಗಿ ಕೆಲಸಗಾರರನ್ನು ಕರೆತರುತ್ತಿದ್ದುದರಿಂದ ಸಾವಿರಾರು ಮಂದಿ ಹೊಲ ಮಾರದೆ ಸಂಬಳ ಕಂಡರು.

ಇಷ್ಟಾದರೂ 1986ರಲ್ಲಿ ದೊಡ್ಡ ಪೆಟ್ಟು ಬಿತ್ತು. ಲಾಂಗೆಯ ಅಂಚಿನ ನಾರ್ಜೋಲೆಯಿಂದ ಹೊರಟ ಅಗ್ಗದ ವೈನಿನಲ್ಲಿ, ಅಮಲು ಹೆಚ್ಚಿಸಲು ಮಿಥೈಲ್ ಆಲ್ಕೊಹಾಲ್ ಬೆರೆಸಲಾಗಿತ್ತು. 1981ರಲ್ಲಿ ಬೆಂಗಳೂರಿನಲ್ಲಿ ಮುನ್ನೂರಕ್ಕೂ ಹೆಚ್ಚು ಜನರನ್ನು ಬಲಿತೆಗೆದುಕೊಂಡದ್ದೂ ಇದೇ ವಿಷ. ಇಟಲಿಯಲ್ಲಿ ಸುಮಾರು ಇಪ್ಪತ್ತು ಮಂದಿ ಸತ್ತರು, ಕೆಲವರು ಕಣ್ಣು ಕಳೆದುಕೊಂಡರು, ವೈನ್ ರಫ್ತು ಕುಸಿಯಿತು. ಅದೇ ವರ್ಷ, ಪಕ್ಕದ ಬ್ರಾ ಪಟ್ಟಣದ ಕಾರ್ಲೊ ಪೆಟ್ರಿನಿ ಮತ್ತು ಗೆಳೆಯರು ಶುರುಮಾಡಿದ ಸಂಘ 1989ರಲ್ಲಿ ಪ್ಯಾರಿಸ್‌ನಲ್ಲಿ 'ಸ್ಲೋ ಫುಡ್' ಚಳವಳಿಯಾಗಿ ಜಗತ್ತಿಗೆ ಪರಿಚಯವಾಯಿತು. ಅಗ್ಗದ ಸರಕಿನ ಕಾಲ ಮುಗಿಯಿತೆಂದು ಬೆಳೆಗಾರರೂ ಅರಿತರು.

ಇಂದು ಬರೋಲೊದ ಒಳ್ಳೆಯ ತೋಟ ಹೆಕ್ಟೇರಿಗೆ ಹತ್ತು ಲಕ್ಷ ಯೂರೋ ದಾಟುತ್ತದೆ. ಸುಗ್ಗಿಯಲ್ಲಿ ದ್ರಾಕ್ಷಿ ಬಿಡಿಸುವವರಲ್ಲಿ ಹೆಚ್ಚಿನವರು ಮೆಸಿಡೋನಿಯಾ, ಅಲ್ಬೇನಿಯಾ ಮತ್ತು ಆಫ್ರಿಕಾದಿಂದ ಬಂದ ಕೂಲಿಗಳು. ಅವರಲ್ಲಿ ಕೆಲವರನ್ನು ಮೇಸ್ತ್ರಿಗಳು ಪುಡಿಗಾಸಿಗೆ ದುಡಿಸಿಕೊಳ್ಳುತ್ತಿದ್ದಾರೆಂದು 2024ರಲ್ಲಿ ಆಲ್ಬಾ ಸುತ್ತಮುತ್ತ ಪೊಲೀಸ್ ತನಿಖೆ ನಡೆಯಿತು.